ಮುಚ್ಚುವಾಗ ಕೂಡಿಟ್ಟ ಬಲ

ನಮ್ಮ ತುಮಕೂರಿನಲ್ಲಿ ಗ್ಯಾರೇಜ್ ಎಂದರೆ ಕಾರು ನಿಲ್ಲಿಸುವ ಕೋಣೆಯಲ್ಲ, ಕೆಟ್ಟ ಕಾರನ್ನು ರಿಪೇರಿಗೆ ಬಿಡುವ ಜಾಗ. ಮನೆಯ ಕಾರು ನಿಲ್ಲುವುದು ಶೆಡ್ಡಿನಲ್ಲಿ. ಆ ಶೆಡ್ಡೂ ಬಹಳ ಮನೆಗಳಲ್ಲಿ ಶೆಡ್ಡಾಗಿ ಹುಟ್ಟಿದ್ದಲ್ಲ. ರಸ್ತೆ ಕಡೆಗೆ ಎರಡು ಮಳಿಗೆ, ಮೇಲೆ ಮನೆ ಎಂದು ಕಟ್ಟಿಸಿರುತ್ತಾರೆ. ಒಂದು ಮಳಿಗೆಗೆ ಬಾಡಿಗೆದಾರರು ಸಿಗದೆ ಹೋದಾಗ ಮನೆಯವರ ಕಾರು ಅದರೊಳಗೆ ಸೇರಿಕೊಂಡಿರುತ್ತದೆ. ಹೀಗಾಗಿ ಅಮೆರಿಕದವರು ಗ್ಯಾರೇಜ್ ಬಾಗಿಲು ಎನ್ನುವುದಕ್ಕೂ ಮಂಡಿಪೇಟೆಯ ಅಂಗಡಿಯ ರೋಲಿಂಗ್ ಶಟರಿಗೂ ನಡುವೆ ನಮ್ಮಲ್ಲಿ ಗೋಡೆಯೇ ಇಲ್ಲ. ಅಲ್ಲಿಯ ಬಾಗಿಲು ಅಗಲವಾದ ಹಲಗೆಗಳಾಗಿ ಮಡಚಿಕೊಂಡು ಸೂರಿನಡಿ ಮಲಗುತ್ತದೆ. ಇಲ್ಲಿಯದು ಕಬ್ಬಿಣದ ಪಟ್ಟಿಗಳ ಚಾಪೆಯಂತೆ ಸುತ್ತಿಕೊಳ್ಳುತ್ತದೆ. ಆದರೆ ಎರಡನ್ನೂ ಎತ್ತುವುದು ಒಂದೇ ವಸ್ತು: ಯಾರ ಕಣ್ಣಿಗೂ ಬೀಳದ ಸ್ಪ್ರಿಂಗು.

ಬಾಗಿಲಿನ ಇತಿಹಾಸ ಎಂದ ಕೂಡಲೇ ನಮಗೆ ಕೋಟೆಯ ಹೆಬ್ಬಾಗಿಲು, ಗುಡಿಯ ದ್ವಾರಬಂಧ ನೆನಪಾಗುತ್ತವೆ. ಪೇಟೆಯ ಬಾಗಿಲು ನೆನಪಾಗುವುದಿಲ್ಲ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನನಗೂ ಅದು ಪಾಠದ ವಿಷಯವೆಂದು ಬಹುಕಾಲ ಅನ್ನಿಸಿರಲಿಲ್ಲ. ಆದರೆ ಊರಿನ ಬದುಕು ದಿನಾ ತೆರೆದು ಮುಚ್ಚುವುದು ಅಲ್ಲಿಯೇ. ಆ ಬಾಗಿಲಿನ ಭಾರವನ್ನು ಯಾವ ಕಾಲದಲ್ಲಿ ಯಾರು ಹೊತ್ತರು ಎಂದು ತುಮಕೂರು, ಗುಬ್ಬಿ, ಕುಣಿಗಲ್ ಬೀದಿಗಳನ್ನು ಮುಂದಿಟ್ಟುಕೊಂಡು ನೋಡುವ ಪ್ರಯತ್ನ ಇದು.

ಗುಬ್ಬಿಯಿಂದ ಶುರು ಮಾಡೋಣ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಗುಬ್ಬಿಗೂ ಬಂದಿದ್ದ. ಅಲ್ಲಿಯ ಸಂತೆ, ವ್ಯಾಪಾರಗಳನ್ನು ಅವನು ಬರೆದಿಟ್ಟಿದ್ದಾನೆ. ಅಡಿಕೆ ವ್ಯಾಪಾರಕ್ಕೆ ಹೆಸರಾಗಿದ್ದ ಪೇಟೆ ಅದು. ಇಂಥ ಹಳೆಯ ಪೇಟೆಗಳ ಅಂಗಡಿಗಳಿಗೆ ಇದ್ದದ್ದು ಹಲಗೆ ಬಾಗಿಲು. ನಾನು ಹುಡುಗನಾಗಿದ್ದಾಗ ಗುಬ್ಬಿಯಲ್ಲಿ ಅಂಥ ಬಾಗಿಲುಗಳು ಇನ್ನೂ ಉಳಿದಿದ್ದವು. ಹೊಸ್ತಿಲಲ್ಲೊಂದು ಗಾಡಿ, ಮೇಲಿನ ತೊಲೆಯಲ್ಲೊಂದು ಗಾಡಿ. ಅವೆರಡರ ನಡುವೆ ಒಂದೊಂದೇ ಹಲಗೆಯನ್ನು ನಿಲ್ಲಿಸಿ ಸರಿಸುತ್ತ ಹೋಗಬೇಕು. ಒಂದು ಹಲಗೆ ಇನ್ನೊಂದರ ಜಾಗಕ್ಕೆ ಕೂರುವುದಿಲ್ಲ, ಅದಕ್ಕೇ ಪ್ರತಿಯೊಂದರ ಮೇಲೂ ಅಂಕಿ ಬರೆದಿರುತ್ತಿತ್ತು. ಕೊನೆಯ ಹಲಗೆ ಕೂತ ಮೇಲೆ ಅಡ್ಡಲಾಗಿ ಕಬ್ಬಿಣದ ಪಟ್ಟಿ, ಅದಕ್ಕೆ ಬೀಗ.

ಈ ಬಾಗಿಲಿಗೆ ಒಂದು ಗುಣವಿತ್ತು. ಅದು ಭಾರವನ್ನು ಪಾಲು ಮಾಡುತ್ತಿತ್ತು. ಇಡೀ ಬಾಗಿಲು ಎಷ್ಟೇ ತೂಕವಿರಲಿ, ಒಂದು ಸಲಕ್ಕೆ ಎತ್ತಬೇಕಾದದ್ದು ಒಂದೇ ಹಲಗೆ. ಮನೆಯ ಹುಡುಗರು, ಹೆಂಗಸರು, ಯಾರಾದರೂ ಎತ್ತಬಹುದು. ತೊಂದರೆ ಎಂದರೆ ಸಮಯ. ಮಳೆಗಾಲದಲ್ಲಿ ಮರ ಉಬ್ಬಿದರಂತೂ ಅಂಗಡಿ ತೆರೆಯುವುದೇ ಒಂದು ಕೆಲಸ.

ಭಾರವನ್ನು ಪಾಲು ಮಾಡದೆ ಇಡಿಯಾಗಿ ಎತ್ತುವುದಕ್ಕೂ ನಮ್ಮವರಲ್ಲಿ ಉಪಾಯಗಳಿದ್ದವು. ಏತದಲ್ಲಿ ಉದ್ದನೆಯ ಮರದ ಒಂದು ತುದಿಗೆ ನೀರಿನ ಬಾನೆ, ಇನ್ನೊಂದು ತುದಿಗೆ ಅದನ್ನು ತೂಗುವ ಕಲ್ಲು. ಕಲ್ಲಿನ ಬದಲು ಮನುಷ್ಯರೇ ಮರದ ಮೇಲೆ ಹಿಂದೆ ಮುಂದೆ ನಡೆಯುವುದೂ ಇತ್ತು. ಕಪಿಲೆಯಲ್ಲಿ ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತವೆ. ಅವುಗಳ ಮೈಭಾರವೇ ಬಾವಿಯ ನೀರನ್ನು ಮೇಲಕ್ಕೆ ತರುತ್ತದೆ. ಗುಬ್ಬಿಯಲ್ಲೇ ಇನ್ನೊಂದು ಬಗೆಯ ಎತ್ತುವಿಕೆ ನಡೆಯುತ್ತಿತ್ತು. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಮುಂದೆ ವೀರಣ್ಣನವರ ಕೈಯಲ್ಲಿ ಬೆಳೆದು, 1934ರ 'ಕುರುಕ್ಷೇತ್ರ'ದ ಹೊತ್ತಿಗೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಕಂಪನಿ ನಾಟಕಗಳ ಬಣ್ಣದ ಪರದೆ ಮರದ ದಿಂಡಿಗೆ ಸುತ್ತಿಕೊಂಡು ಮೇಲೇರುತ್ತಿತ್ತು. ನಮ್ಮ ಜನ ಸುತ್ತಿಕೊಂಡು ಏರುವ ಬಾಗಿಲನ್ನು ಮೊದಲು ಕಂಡದ್ದು ಅಂಗಡಿಯಲ್ಲಲ್ಲ, ನಾಟಕದಲ್ಲಿ ಎನ್ನಬಹುದು. ಆದರೆ ಪರದೆಯ ಹಗ್ಗ ಹಿಡಿದವನು ನೇಪಥ್ಯದಲ್ಲಿದ್ದ. ಏತದ ಕಲ್ಲು, ಕಪಿಲೆಯ ಎತ್ತು, ಪರದೆಯ ಹಗ್ಗದವನು, ಭಾರ ಹೊರುವವರು ಎಲ್ಲಿಯಾದರೂ ಒಂದು ಕಡೆ ಇದ್ದೇ ಇದ್ದರು.

ಸ್ಪ್ರಿಂಗು ತಂದ ಬದಲಾವಣೆ ಇದರಲ್ಲೇ. ಅದು ಭಾರ ಹೊರುವವನನ್ನು ಬಾಗಿಲಿನೊಳಗೇ ಕೂರಿಸಿತು.

ಬಗ್ಗಿಸಿದ್ದು ಮತ್ತೆ ನೆಟ್ಟಗಾಗಲು ತವಕಿಸುತ್ತದೆ ಎಂಬುದು ಮನುಷ್ಯನಿಗೆ ಬಿಲ್ಲಿನ ಕಾಲದಿಂದ ಗೊತ್ತು. ಬಿಲ್ಲನ್ನು ಬಳಸದಾಗ ಹೆದೆ ಇಳಿಸಿಡಬೇಕೆಂಬುದೂ ಗೊತ್ತು; ಸದಾ ಬಾಗಿದ್ದರೆ ಬಿಲ್ಲಿನ ಕಸುವು ಹೋಗುತ್ತದೆ. ಗಾಡಿಗಳಿಗೆ ಉಕ್ಕಿನ ಕಮಾನು ಪಟ್ಟಿ ಬಂದದ್ದು ಇದೇ ತಿಳಿವಳಿಕೆಯಿಂದ. ಇಂಗ್ಲೆಂಡಿನ ಒಬಾಡಯ್ಯ ಎಲಿಯಟ್ 1804ರಲ್ಲಿ ಅಂಥ ಕಮಾನಿಗೆ ಪೇಟೆಂಟ್ ಪಡೆದ. ಈ ಗುಣಕ್ಕೆ ಲೆಕ್ಕ ಹಾಕಿಕೊಟ್ಟವನು ಅದಕ್ಕೂ ಮೊದಲಿನ ರಾಬರ್ಟ್ ಹುಕ್. 1676ರಲ್ಲಿ ಅವನು ತನ್ನ ನಿಯಮವನ್ನು ಅಕ್ಷರಗಳನ್ನು ಕಲಸಿ ಒಗಟಾಗಿ ಅಚ್ಚು ಹಾಕಿಸಿದ, ಬೇರೆಯವರು ಕದಿಯಬಾರದೆಂದು. 1678ರಲ್ಲಿ ತಾನೇ ಒಗಟು ಬಿಡಿಸಿದ. ಸಾರ ಇಷ್ಟು: ಸ್ಪ್ರಿಂಗನ್ನು ಎಷ್ಟು ಎಳೆಯುತ್ತೀರೋ ಅದು ಅಷ್ಟೇ ಬಲದಿಂದ ತಿರುಗಿ ಎಳೆಯುತ್ತದೆ. ಎರಡರಷ್ಟು ಎಳೆದರೆ ಎರಡರಷ್ಟು ಬಲ.

ಗಡಿಯಾರ ಮಾಡುವವರಿಗೆ ಈ ಗುಣ ದೊಡ್ಡ ತಲೆನೋವಾಗಿತ್ತು. ಕೀಲಿ ಕೊಟ್ಟ ಹೊಸತರಲ್ಲಿ ಸ್ಪ್ರಿಂಗು ಜೋರಾಗಿ ತಳ್ಳುತ್ತದೆ, ಬಿಚ್ಚಿಕೊಳ್ಳುತ್ತ ಬಂದಂತೆ ಸೋಲುತ್ತದೆ, ಗಡಿಯಾರ ಹಿಂದೆ ಬೀಳುತ್ತದೆ. ಅದನ್ನು ಸರಿದೂಗಿಸಲು ಶಂಕುವಿನಾಕಾರದ ಗಾಲಿಯೊಂದನ್ನು ಯುರೋಪಿನಲ್ಲಿ 15ನೆಯ ಶತಮಾನದಲ್ಲೇ ಹೂಡಿದ್ದರು. ಆದರೆ ಸುತ್ತುವ ಬಾಗಿಲಿಗೆ ಬೇಕಾದದ್ದು ಗಡಿಯಾರದವರು ಬೇಡವೆಂದ ಅದೇ ಗುಣ.

ಹೇಗೆಂದು ನೋಡಿ. 8 ಅಡಿ ಅಗಲ, 8 ಅಡಿ ಎತ್ತರದ ಶಟರ್ ಎಂದರೆ ಸುಮಾರು 6 ಚದರ ಮೀಟರ್. ಅದರ ಪಟ್ಟಿ 1.25 ಮಿಲಿಮೀಟರ್ ದಪ್ಪದ ಉಕ್ಕಾದರೆ ಬರೀ ತಗಡಿನ ತೂಕವೇ 58 ಕಿಲೋ ದಾಟುತ್ತದೆ. ಪಟ್ಟಿಗಳು ಒಂದಕ್ಕೊಂದು ಕೊಂಡಿಯಾಗಲು ಮಡಿಸಿದ ಅಂಚು, ಕೆಳಗಿನ ದಪ್ಪ ಪಟ್ಟಿ ಎಲ್ಲ ಸೇರಿ 75 ಕಿಲೋ ಎಂದಿಟ್ಟುಕೊಳ್ಳೋಣ. ಅಂದರೆ ಒಂದು ಭತ್ತದ ಮೂಟೆ. ಶಟರ್ ಪೂರ್ತಿ ಮೇಲಿದ್ದಾಗ ಈ ತೂಕವೆಲ್ಲ ಮೇಲಿನ ಪೈಪಿನ ಮೇಲೆ ಸುತ್ತಿಕೊಂಡಿರುತ್ತದೆ. ನೇತಾಡುವುದು ಏನೂ ಇಲ್ಲ. ಅರ್ಧ ಇಳಿದಾಗ ನೇತಾಡುವುದು ಅರ್ಧ ಮೂಟೆ. ಪೂರ್ತಿ ಇಳಿದಾಗ ಇಡೀ ಮೂಟೆ. ಶಟರ್ ಇಳಿದಂತೆ ಪೈಪಿನ ಸುತ್ತ ಇರುವ ಸ್ಪ್ರಿಂಗು ಬಿಗಿಯುತ್ತದೆ: ಅರ್ಧ ಇಳಿದಾಗ ಅರ್ಧ ಬಿಗಿ, ಪೂರ್ತಿ ಇಳಿದಾಗ ಪೂರ್ತಿ ಬಿಗಿ. ಭಾರ ಹೆಚ್ಚಿದಂತೆ ಬಲವೂ ಹೆಚ್ಚುತ್ತದೆ, ಭಾರ ಇಳಿದಂತೆ ಬಲವೂ ಇಳಿಯುತ್ತದೆ. ಸುರುಳಿಯ ದಪ್ಪ ಹೆಚ್ಚುಕಡಿಮೆ ಆಗುವುದರಿಂದ ಲೆಕ್ಕ ಕೂದಲೆಳೆಯಷ್ಟು ಸರಿ ಬರುವುದಿಲ್ಲ, ಆದರೆ ಕೈಗೆ ಬೀಳುವ ಭಾರ ಕೆಲವೇ ಕಿಲೋಗೆ ಇಳಿಯುತ್ತದೆ. ಏತದ ಕಲ್ಲಿಗೆ ಇದು ಬಾರದು. ಅದರ ತೂಕ ಯಾವಾಗಲೂ ಅಷ್ಟೇ.

ಇನ್ನೊಂದು ಮಾತು. ಬೆಳಿಗ್ಗೆ ಶಟರ್ ಎತ್ತುವಾಗ ನೆರವಾಗುವ ಬಲ ಎಲ್ಲಿಂದ ಬಂತು? ಹಿಂದಿನ ರಾತ್ರಿ ಅಂಗಡಿ ಮುಚ್ಚುವಾಗ ಅದೇ ಶಟರಿನ ಭಾರ ಸ್ಪ್ರಿಂಗಿನಲ್ಲಿ ಕೂಡಿಟ್ಟದ್ದು ಅದು. ರಾತ್ರಿಯಿಡೀ ಬೀದಿ ಮಲಗಿರುತ್ತದೆ, ಸ್ಪ್ರಿಂಗು ಮಾತ್ರ ಹೆದೆ ಏರಿಸಿದ ಬಿಲ್ಲಿನಂತೆ ಬಿಗಿದುಕೊಂಡಿರುತ್ತದೆ. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಎಂದು ಎಂ.ಜಿ. ರಸ್ತೆ, ಮಂಡಿಪೇಟೆಗಳೆಲ್ಲ ವಾರಗಟ್ಟಲೆ ಮುಚ್ಚಿದ್ದಾಗ ಆ ಶಟರುಗಳ ಹಿಂದೆ ಇದ್ದದ್ದು ಹೀಗೆ ಬಿಗಿದ ಸ್ಪ್ರಿಂಗುಗಳ ಸಾಲು.

ಸುತ್ತುವ ಕಬ್ಬಿಣದ ಶಟರುಗಳು 19ನೆಯ ಶತಮಾನದ ಲಂಡನ್ನಿನ ಅಂಗಡಿ ಬೀದಿಗಳಲ್ಲಿ ಹಬ್ಬಿದವು. ಕಾರು ಬಂದ ಮೇಲೆ ಅಮೆರಿಕದಲ್ಲಿ ಸಿ.ಜಿ. ಜಾನ್ಸನ್ 1921ರಲ್ಲಿ ಮೇಲಕ್ಕೆ ಏರಿ ಮಡಚಿಕೊಳ್ಳುವ ಗ್ಯಾರೇಜ್ ಬಾಗಿಲನ್ನು ಮಾಡಿದ. 1926ರಲ್ಲಿ ಅದಕ್ಕೆ ವಿದ್ಯುತ್ ಮೋಟಾರನ್ನೂ ಜೋಡಿಸಿದ. ನಮ್ಮಲ್ಲಿ ಉಳಿದದ್ದು ಸುತ್ತುವ ಶಟರೇ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಇದಕ್ಕೊಂದು ಜಾಗವಿದೆ: 27.5 ಸೆಂಟಿಮೀಟರ್ ಉದ್ದದ ತಂತಿ ಸ್ಪ್ರಿಂಗು, ಭಾರತೀಯ ಮಾನಕ 4454ಕ್ಕೆ ಹೊಂದುವ ಗಟ್ಟಿ ಉಕ್ಕಿನ ತಂತಿಯಿಂದ ಮಾಡಿದ್ದು. 10 ಚದರ ಮೀಟರ್ ಮೀರಿದ ಶಟರಿಗೆ ಕೈಯಿಂದ ಎಳೆಯುವುದು ಸಾಲದು, ಸರಪಳಿ ಅಥವಾ ಹಿಡಿಕೆಯ ಯಂತ್ರಕ್ಕೆ ಅದೇ ಪಟ್ಟಿಯಲ್ಲಿ ಬೇರೆ ದರವಿದೆ. ಮನುಷ್ಯನ ತೋಳು ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಸರ್ಕಾರ ಹೀಗೆ ಚದರ ಮೀಟರಿನಲ್ಲಿ ಬರೆದಿಟ್ಟಿದೆ.

ಈ ತಂತಿಯ ಕಥೆ ನಮ್ಮ ಸೀಮೆಗೆ ಹೊರಗಿನದಲ್ಲ. ಸ್ಪ್ರಿಂಗಿಗೆ ಬಳಸುವ ಅತ್ಯುತ್ತಮ ಉಕ್ಕಿನ ತಂತಿಗೆ ಇಂದಿಗೂ ಕಾರ್ಖಾನೆಗಳಲ್ಲಿ ಮ್ಯೂಸಿಕ್ ವೈರ್ ಎಂದೇ ಹೆಸರು. ಪಿಯಾನೊ ತಂತಿಗಾಗಿ ಬೆಳೆದ ಉಕ್ಕು ಅದು. ಉಕ್ಕಿನ ಸರಳನ್ನು ಒಂದಕ್ಕಿಂತ ಒಂದು ಸಣ್ಣದಾದ ತೂತುಗಳ ಮೂಲಕ ತಣ್ಣಗಿರುವಾಗಲೇ ಎಳೆದೆಳೆದು ತೆಳ್ಳಗೆ ಮಾಡುತ್ತಾರೆ. ಎಳೆದಷ್ಟೂ ಅದು ಗಟ್ಟಿಯಾಗುತ್ತದೆ. ವಾದ್ಯದ ತಂತಿಗೂ ಸ್ಪ್ರಿಂಗಿಗೂ ಬೇಕಾದದ್ದು ಒಂದೇ, ಬಿಗಿದು ಬಿಟ್ಟರೂ ಸೋಲದಿರುವುದು. ಕುಣಿಗಲ್‌ಗೆ ದೂರವಲ್ಲದ ಚನ್ನಪಟ್ಟಣ ಇಂದು ಗೊಂಬೆಗೆ ಹೆಸರಾಗಿದೆ. ಬುಕನನ್ ಬಂದ ಕಾಲದಲ್ಲಿ ಅದು ವಾದ್ಯಗಳ ಉಕ್ಕಿನ ತಂತಿಗೆ ಹೆಸರಾಗಿತ್ತು. ಅಲ್ಲಿಯ ತಂತಿ ದೂರದೂರದ ಊರುಗಳಿಗೆ ಹೋಗುತ್ತಿತ್ತು. ನಾಡಿನ ಕುಲುಮೆಗಳಲ್ಲಿ ತಯಾರಾದ ಉಕ್ಕು ಅದು. ಮೈಸೂರು ಸಂಸ್ಥಾನ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ತೆರೆದದ್ದು 1923ರಲ್ಲಿ. ಅದಕ್ಕೂ ಶತಮಾನ ಮೊದಲೇ ಬಿಗಿದರೂ ಸೋಲದ ತಂತಿ ಎಳೆಯುವ ಕೈ ಇಲ್ಲಿ ಇತ್ತು. ಆ ಕುಲುಮೆಗಳು ಆರಿದವು, ಅವರ ಮೊಮ್ಮಕ್ಕಳು ಬೇರೆ ಕಸುಬು ಹಿಡಿದರು.

ಸ್ಪ್ರಿಂಗಿನ ಕೆಲಸ ತುಮಕೂರಿಗೆ ಇನ್ನೊಂದು ರೂಪದಲ್ಲಿ ಬಂತು. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಕೈಗಡಿಯಾರ ಶುರು ಮಾಡಿದ ಎಚ್‌ಎಂಟಿ, 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ತೆರೆಯಿತು. ನಮ್ಮ ಊರಿನ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟ ಗೇಟು ಅದು. ಜನತಾ, ಪೈಲಟ್ ಮುಂತಾದ ಕೀಲಿ ಕೊಡುವ ಎಚ್‌ಎಂಟಿ ಗಡಿಯಾರ ಕಟ್ಟಿಕೊಂಡ ಅಂಗಡಿಯವರು ಬೆಳಿಗ್ಗೆ ಒಂದು ಸ್ಪ್ರಿಂಗನ್ನು ಬೆರಳಿನಿಂದ ಬಿಗಿಯುತ್ತಿದ್ದರು, ಇನ್ನೊಂದನ್ನು ಶಟರ್ ಎತ್ತಿ ಬಿಚ್ಚುತ್ತಿದ್ದರು. ಒಂದು ತನ್ನ ಬಲವನ್ನು ಇಡೀ ದಿನಕ್ಕೆ ಹಂಚುತ್ತದೆ, ಇನ್ನೊಂದು ಮೂರು ನಾಲ್ಕು ಕ್ಷಣದಲ್ಲಿ ಕೊಟ್ಟುಬಿಡುತ್ತದೆ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ಗಡಿಯಾರ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ತುಮಕೂರಿನ ಕಾರ್ಖಾನೆಯ ಜಾಗ ಆಮೇಲೆ ಇಸ್ರೋಗೆ ಹೋಯಿತು.

ಸ್ಪ್ರಿಂಗು ಸೋಲುವುದು ಯಾಕೆ? ಭಾರ ಹೆಚ್ಚಾಗಿ ಅಲ್ಲ, ಅದೇ ಭಾರ ಮತ್ತೆ ಮತ್ತೆ ಬಂದು. ಜರ್ಮನಿಯ ಆಗಸ್ಟ್ ವ್ಯೋಲರ್ 19ನೆಯ ಶತಮಾನದ ನಡುಭಾಗದಲ್ಲಿ ರೈಲು ಅಚ್ಚುಗಳು ಸಾಧಾರಣ ಭಾರಕ್ಕೇ ಮುರಿಯುವುದನ್ನು ಪರೀಕ್ಷಿಸಿ ಇದನ್ನು ತೋರಿಸಿದ. ಲೋಹಕ್ಕೂ ದಣಿವು ಉಂಟು. ಅಮೆರಿಕದ ಗ್ಯಾರೇಜ್ ಸ್ಪ್ರಿಂಗುಗಳಿಗೆ ಸಾಮಾನ್ಯವಾಗಿ 10,000 ಸಲ ತೆರೆದು ಮುಚ್ಚುವ ಆಯುಸ್ಸು ಹೇಳುತ್ತಾರೆ. ದಿನಕ್ಕೆ ನಾಲ್ಕು ಸಲ ಕಾರು ಹೋಗಿ ಬರುವ ಮನೆಯಲ್ಲಿ ಅದು ಏಳು ವರ್ಷ ಬಂದರೆ ಹೆಚ್ಚು. ಅದೇ ಲೆಕ್ಕವನ್ನು ನಮ್ಮ ಅಂಗಡಿಗೆ ಹಾಕಿದರೆ, ಮಧ್ಯಾಹ್ನ ಊಟಕ್ಕೂ ಮುಚ್ಚುವವರು ತಿಂಗಳಿಗೆ 26 ದಿನ, ದಿನಕ್ಕೆರಡು ಸಲ ಎಂದು 16 ವರ್ಷ. ನಡುವೆ ಮಳೆ ನೀರು ಇಳಿದು ತುಕ್ಕು ಹಿಡಿದರೆ ಅದೂ ಇಲ್ಲ; ತುಕ್ಕಿನ ಸಣ್ಣ ಗುಳಿಯಿಂದಲೇ ಬಿರುಕು ಹೊರಡುತ್ತದೆ.

ಗುಬ್ಬಿಯಲ್ಲಿ ನನಗೆ ಪರಿಚಯದ ಒಬ್ಬ ಅಮ್ಮ ಸಣ್ಣ ಕಿರಾಣಿ ಅಂಗಡಿ ಇಟ್ಟಿದ್ದಾರೆ. ಅರವತ್ತು ದಾಟಿದೆ, ಯಜಮಾನರು ಹೋಗಿ ಹತ್ತು ವರ್ಷವಾಯಿತು. ಒಂದು ದಿನ ಹತ್ತು ಗಂಟೆಗೆ ಹೋದರೂ ಅಂಗಡಿ ಮುಚ್ಚಿತ್ತು, ಅಮ್ಮ ಕಟ್ಟೆಯ ಮೇಲೆ ಕೂತಿದ್ದರು. "ಏನಮ್ಮ, ಹುಷಾರಿಲ್ವಾ?" ಎಂದೆ. "ನಾನು ಹುಷಾರಾಗೇ ಇದ್ದೀನಿ ಕಣಪ್ಪ, ಸ್ಪ್ರಿಂಗು ಕಟ್ಟಾಗೈತೆ. ಎದುರು ಮನೆ ಹುಡುಗ ಕಾಲೇಜಿಗೆ ಹೋಗೋ ಮುಂಚೆ ಎತ್ತಿಕೊಡ್ತಿದ್ದ, ಇವತ್ತು ಅವನಿಗೆ ರಜ, ಇನ್ನೂ ಎದ್ದಿಲ್ಲ" ಎಂದರು. ಸಂಜೆಯೂ ಅಷ್ಟೇ. ಇಳಿಸುವಾಗ 75 ಕಿಲೋ ಕೈ ಜಾರಿ ಬಿದ್ದರೆ ಎಂಬ ಭಯಕ್ಕೆ ಯಾರಾದರೂ ಬರುವವರೆಗೆ ಕಾಯಬೇಕು. ಮೂರು ವಾರ ಅವರ ಅಂಗಡಿಯ ಸಮಯವನ್ನು ಬೇರೆಯವರ ಬಿಡುವು ತೀರ್ಮಾನ ಮಾಡಿತ್ತು. ಹಲಗೆ ಬಾಗಿಲಿನ ಕಾಲದಲ್ಲಾದರೆ ಒಂದೊಂದೇ ಹಲಗೆ ತೆಗೆದು ಅಂಗಡಿ ತೆರೆಯುತ್ತಿದ್ದರು. ಸ್ಪ್ರಿಂಗು ಕೊಟ್ಟದ್ದು ಸುಖವನ್ನು ಮಾತ್ರವಲ್ಲ, ಒಂಟಿ ಮನುಷ್ಯರಿಗೆ ಯಾರ ಹಂಗೂ ಇಲ್ಲದೆ ಅಂಗಡಿ ತೆರೆಯುವ ಅನುಕೂಲ. ಅದು ಮುರಿದ ದಿನ ಆ ಹಂಗು ಮತ್ತೆ ಬಂದು ಕೂರುತ್ತದೆ.

ಅವರ ಸ್ಪ್ರಿಂಗು ಬದಲಿಸಲು ತುಮಕೂರಿನಿಂದ ಬಂದ ರಿಪೇರಿಯವರ ಕೆಲಸವನ್ನು ನಾನು ನಿಂತು ನೋಡಿದೆ. ಇಬ್ಬರು ಬಂದಿದ್ದರು, ಒಬ್ಬರೇ ಬರುವುದಿಲ್ಲವಂತೆ. ಮೊದಲು ಶಟರನ್ನು ಪೂರ್ತಿ ಮೇಲೆತ್ತಿ, ಸುರುಳಿ ಬಿಚ್ಚಿಕೊಳ್ಳದಂತೆ ಹಗ್ಗದಿಂದ ಕಟ್ಟಿದರು. ಮೇಲಿದ್ದಾಗಲೇ ಸ್ಪ್ರಿಂಗಿನ ಬಲ ಅತಿ ಕಡಿಮೆ ಇರುವುದು. ಆಮೇಲೆ ಉಳಿದ ಬಿಗಿಯನ್ನು ಪೈಪ್ ಪಾನಾ ಹಿಡಿದು ಸ್ವಲ್ಪ ಸ್ವಲ್ಪವಾಗಿ ಬಿಟ್ಟರು. ಬ್ರಾಕೆಟ್ಟಿನಿಂದ ಪೈಪ್ ಇಳಿಸಿ, ಶಟರನ್ನು ಬಿಡಿಸಿ, ಮುರಿದದ್ದನ್ನು ಹೊರತೆಗೆದರು. ಒಂದೇ ಮುರಿದಿದ್ದರೂ ಎಲ್ಲವನ್ನೂ ಬದಲಿಸಿದರು. ಯಾಕೆಂದು ಕೇಳಿದೆ. "ಎಲ್ಲಾ ಒಂದೇ ದಿನ ಹಾಕಿದ್ದು ಮೇಷ್ಟ್ರೇ. ಒಂದಕ್ಕೆ ವಯಸ್ಸಾಗೈತೆ ಅಂದ್ರೆ ಉಳಿದವಕ್ಕೂ ಆಗೈತೆ" ಎಂದರು ಹಿರಿಯರು. ಹೊಸ ಸ್ಪ್ರಿಂಗು ಪೈಪಿಗೆ ಏರಿದ ಮೇಲೆ ಮುಂಗಡ ಬಿಗಿ ಕೊಡುವುದು, ಅದನ್ನೇ ಅವರು ಟೆನ್ಷನ್ ಎನ್ನುವುದು. ಪಾನಾದಿಂದ ಒಂದು ಸುತ್ತು, ಎರಡು ಸುತ್ತು, ಮೂರನೆಯದನ್ನು ಅರ್ಧಕ್ಕೆ ನಿಲ್ಲಿಸಿ ಅವರು ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡೇ ಕೈಯಿಂದ ತೂಗಿ ನೋಡಿದರು.

ಆ ಮುಖ ತಿರುಗಿಸುವುದು ಕೆಲಸದ ಭಾಗ. ಪಾನಾ ಜಾರಿದರೆ ಅದು ತಿರುಗಿ ಬಂದು ಹೊಡೆಯುತ್ತದೆ. ಪೂರ್ತಿ ಇಳಿದ ಶಟರಿನ ಸ್ಪ್ರಿಂಗಿನಲ್ಲಿ ಇರುವ ಶಕ್ತಿ ಒಂದು ಭತ್ತದ ಮೂಟೆ ಸೊಂಟದ ಮೇಲಿನ ಎತ್ತರದಿಂದ ಬಿದ್ದಷ್ಟು. ಅಮೆರಿಕದ ಏಳು ಅಡಿ ಬಾಗಿಲಿಗೆ ಸುಮಾರು ಏಳೂವರೆ ಸುತ್ತು ಬಿಗಿಯಬೇಕು. ಅದನ್ನು ಎರಡು ಉಕ್ಕಿನ ಸರಳಿನಿಂದ ಕಾಲು ಸುತ್ತು, ಕಾಲು ಸುತ್ತು ಎಂದು ಮೂವತ್ತು ಸಲ ಮಾಡುತ್ತಾರೆ. ಒಂದು ಸರಳು ತೂತಿನಲ್ಲಿ ಪೂರ್ತಿ ಕೂತ ಮೇಲೆಯೇ ಇನ್ನೊಂದನ್ನು ತೆಗೆಯುವುದು ನಿಯಮ. ಸ್ಕ್ರೂಡ್ರೈವರ್ ತೂರಿಸಿ ತಿರುಗಿಸಲು ಹೋದವರ ಬೆರಳು ಹೋಗಿದೆ. ಮನೆಯಲ್ಲಿ ಬಲ್ಬು ಬದಲಿಸಿದಂತೆ ಮಾಡುವ ಕೆಲಸ ಇದಲ್ಲ. ಹುಕ್ ಲೆಕ್ಕದಲ್ಲಿ ಕಂಡದ್ದನ್ನು ಈ ಜನ ಮಣಿಕಟ್ಟಿನಲ್ಲಿ ಕಲಿತಿದ್ದಾರೆ, ಅದಕ್ಕೆ ಅವರು ಕೇಳುವ ಕೂಲಿಯನ್ನು ಚೌಕಾಸಿ ಮಾಡುವ ಮೊದಲು ಆ ತಿರುಗಿಸಿದ ಮುಖವನ್ನು ನೆನೆಯಬೇಕು.

ಕುಣಿಗಲ್ ಕಡೆಗೆ ಹೋದರೆ ಮುಂದಿನ ಅಧ್ಯಾಯ ಕಾಣುತ್ತದೆ. ಟಿಪ್ಪು ಕಾಲದ ಕುದುರೆ ಫಾರಂನ ಊರು ಇಂದು ಬೆಂಗಳೂರು–ಹಾಸನ ಹೆದ್ದಾರಿಯ ಊರು. ಹೆದ್ದಾರಿ ಬದಿಯ ಹೊಸ ಕಟ್ಟಡಗಳಲ್ಲಿ ರಿಮೋಟ್ ಒತ್ತಿದರೆ ಏರುವ ಶಟರುಗಳು ಬಂದಿವೆ. ಮೋಟಾರು ಬಂದರೆ ಸ್ಪ್ರಿಂಗು ಬೇಡ ಎಂದು ಹಲವರು ತಿಳಿದಿದ್ದಾರೆ. ಪೈಪಿನ ನಡುವೆ ಕೂರುವ ಬಗೆಯ ಮೋಟಾರಿಗೆ ಇಂದಿಗೂ ಸ್ಪ್ರಿಂಗಿನ ತೂಗು ಬೇಕು. ಹೆಚ್ಚಿನ ಭಾರವನ್ನು ಸ್ಪ್ರಿಂಗು ಹೊರದಿದ್ದರೆ ಮೋಟಾರು ಬೇಗ ಸುಡಬಹುದು. ಕರೆಂಟು ಹೋದಾಗ ಕೈಯಿಂದ ಎತ್ತಲು ಸಾಧ್ಯವಾಗುವುದೂ ಅದರಿಂದಲೇ. ಸ್ಪ್ರಿಂಗಿಲ್ಲದೆ ಬರೀ ಮೋಟಾರಿನ ಬಲದಲ್ಲಿ ನಡೆಯುವವೂ ಇವೆ. ಅಲ್ಲಿ ಭಾರ ಹೊರುವವನು ಮತ್ತೆ ಬಾಗಿಲಿನ ಹೊರಗೆ, ದೂರದ ವಿದ್ಯುತ್ ಕೇಂದ್ರಕ್ಕೆ ಹೋಗಿದ್ದಾನೆ. ನೇಪಥ್ಯದಲ್ಲಿ ಹಗ್ಗ ಹಿಡಿದವನ ಹಾಗೆ.

ಇದನ್ನು ಓದುವ ವಿದ್ಯಾರ್ಥಿಗಳು ಒಂದು ಕೆಲಸ ಮಾಡಿ. ನಿಮ್ಮ ಮನೆಯ ಶೆಡ್ಡಿನದೋ ಪರಿಚಯದ ಅಂಗಡಿಯದೋ ಶಟರನ್ನು ಒಬ್ಬ ದೊಡ್ಡವರ ಜೊತೆಗೆ, ಕಾಲು ಕೆಳಗಿಡದೆ, ಪಕ್ಕದಲ್ಲಿ ನಿಂತು ಸೊಂಟದೆತ್ತರಕ್ಕೆ ಎತ್ತಿ ಮೆಲ್ಲಗೆ ಕೈ ಸಡಿಲಿಸಿ. ಅಲ್ಲೇ ನಿಂತರೆ ಭಾರಕ್ಕೂ ಬಲಕ್ಕೂ ಸಮ ಬಿದ್ದಿದೆ. ತಾನಾಗಿ ಏರಿದರೆ ಬಿಗಿ ಹೆಚ್ಚಾಗಿದೆ. ಕೆಳಗಿಳಿಯತೊಡಗಿದರೆ ಸ್ಪ್ರಿಂಗು ದಣಿದಿದೆ ಎಂದರ್ಥ, ಅದು ಮುರಿಯುವವರೆಗೆ ಕಾಯದೆ ಬಲ್ಲವರನ್ನು ಕರೆಯಿರಿ. ಅವರು ಬಂದಾಗ ಹಳೆಯ ಸ್ಪ್ರಿಂಗು ಯಾವ ವರ್ಷ ಹಾಕಿದ್ದೆಂದು ಮನೆಯವರನ್ನು ಕೇಳಿ, ಹೊಸದರ ತಾರೀಖನ್ನು ಗೋಡೆಯ ಮೂಲೆಯಲ್ಲಿ ಬರೆದಿಡಿ. ಗುಬ್ಬಿಯ ಅಮ್ಮ ಹಾಗೇ ಬರೆಸಿದ್ದಾರೆ, ಹಿಂದೆ ಹಲಗೆಗಳ ಮೇಲೆ ಅಂಕಿ ಬರೆಯುತ್ತಿದ್ದಂತೆ, ಸೀಮೆಸುಣ್ಣದಲ್ಲಲ್ಲ, ಬಣ್ಣದಲ್ಲಿ.